ಚಳಿಗಾಲದ ಕೆಮ್ಮು, ಉಬ್ಬಸ ಮತ್ತು ಹಳೆಯ ಹೃದಯದ ಆಪರೇಷನ್



ದೀಪಾವಳಿ ಕಳೆದು ಕಾರ್ತಿಕದ ಚಳಿ ಬಿದ್ದಿತೆಂದರೆ ನಮ್ಮ ಹೊರರೋಗಿ ವಿಭಾಗದಲ್ಲಿ ಹಳೆಯ ಪರಿಚಯದ ಮುಖಗಳು ಕಾಣಿಸಿಕೊಳ್ಳತೊಡಗುತ್ತವೆ. ಎಂಟು ವರ್ಷದ ಹಿಂದೆ ಬೈಪಾಸ್ ಆದವರು, ಹದಿನೈದು ವರ್ಷದ ಹಿಂದೆ ವಾಲ್ವ್ ಹಾಕಿಸಿಕೊಂಡವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಇಂಥವರಲ್ಲಿ ಎಷ್ಟೋ ಜನ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯ ಕಾಲದಲ್ಲಿ, ಹಾಲಿನ ಡೇರಿಯ ಅಥವಾ ಸೊಸೈಟಿಯ ಸದಸ್ಯರೆಂಬ ಕಾರ್ಡು ಹಿಡಿದು ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದ ರೈತರು. ವರ್ಷವಿಡೀ ಹೊಲ, ಹಸು, ರೇಷ್ಮೆ ಎಂದು ಓಡಾಡಿಕೊಂಡು ಆಪರೇಷನ್ ಆದದ್ದನ್ನೇ ಮರೆತಿರುತ್ತಾರೆ. ಚಳಿ ಬಂದಾಗ ಎದೆಯ ಗಾಯ ಸೆಳೆಯುತ್ತದೆ, ಕೆಮ್ಮು ಹಿಡಿಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇದು ಶೀತವೋ, ಹೃದಯವೋ? ಈ ಒಂದು ಪ್ರಶ್ನೆಗೆ ನಮಗೆ ತಿಳಿದಷ್ಟು ಉತ್ತರ ಹೇಳುವುದು ಈ ಹಾಳೆಯ ಉದ್ದೇಶ.

ಇಬ್ಬರ ವಿಷಯ ಹೇಳುತ್ತೇವೆ. ಚನ್ನಪಟ್ಟಣ ಕಡೆಯ ಒಬ್ಬ ರೇಷ್ಮೆ ಬೆಳೆಗಾರರು, ಬೈಪಾಸ್ ಆಗಿ ಎಂಟು ವರ್ಷ. ಜನವರಿ ತಿಂಗಳು. ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಿದ್ದಿದ್ದವು. ರೇಷ್ಮೆ ಮನೆಯವರಿಗೆ ಗೊತ್ತಿದೆ, ಬೆಳೆಯ ಸೊಪ್ಪಿನ ಬಹುಪಾಲು ಖರ್ಚಾಗುವುದು ಈ ಏಳೆಂಟು ದಿನಗಳಲ್ಲೇ. ಆಗ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇವರಿಗೆ ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕುಳಿತರೆ ಸಮಾಧಾನ. ಮುಂಜಾನೆ ಇಬ್ಬನಿಯಲ್ಲಿ ಸೊಪ್ಪು ಕಡಿದದ್ದರಿಂದ ಶೀತವಾಗಿದೆ ಎಂದುಕೊಂಡು ಅಂಗಡಿಯಿಂದ ಕೆಮ್ಮಿನ ಔಷಧಿ ತಂದು ಕುಡಿದರು. ನಾಲ್ಕನೇ ರಾತ್ರಿಯಿಂದ ಗೋಡೆಗೆ ಒರಗಿ ಕುಳಿತೇ ನಿದ್ದೆ. ಕಾಲು ಊದಿತು; ನಿಂತೇ ಕೆಲಸ ಮಾಡಿದ್ದಕ್ಕೆ ಎಂದುಕೊಂಡರು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮಾರನೆಯ ದಿನ ಮಗ ಕರೆತಂದಾಗ ಅವರ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಅದು ಶೀತವಲ್ಲ, ಹೃದಯದ ಸೋಲು. ಹುಳುವಿನ ಜ್ವರವನ್ನು ದಿನ, ಗಂಟೆ ಲೆಕ್ಕ ಹಾಕಿ ನೋಡಿಕೊಂಡವರು ತಮ್ಮ ಮೈಯನ್ನು ಒಂಬತ್ತು ದಿನ ನೋಡಿಕೊಳ್ಳಲಿಲ್ಲ. ಜೀವ ಉಳಿಯಿತು. ಹೃದಯದ ಬಲ ಮಾತ್ರ ಮೊದಲಿನಷ್ಟು ಮರಳಲಿಲ್ಲ.

ಮಾಗಡಿ ಕಡೆಯ ತಾಯಿಯೊಬ್ಬರದು ಇದಕ್ಕೆ ತದ್ವಿರುದ್ಧ. ಬೈಪಾಸ್ ಆಗಿ ಆರು ವರ್ಷ. ಒಂದೇ ಚಳಿಗಾಲದಲ್ಲಿ ಮೂರು ಸಲ ನಡುರಾತ್ರಿ ಆಟೋ ಮಾಡಿಸಿಕೊಂಡು ಬಂದರು. ಎಡಗಡೆ ಎದೆ ಹಿಡಿದಿದೆ, ಇನ್ನೇನು ಮುಗಿಯಿತು ಎಂಬ ಭಯ. ಮೂರು ಸಲವೂ ಇಸಿಜಿ, ರಕ್ತಪರೀಕ್ಷೆ ಸರಿಯಾಗಿಯೇ ಇದ್ದವು. ಮುಟ್ಟಿ ನೋಡಿದರೆ ಪಕ್ಕೆಲುಬು ಎದೆಯ ಮೂಳೆಗೆ ಸೇರುವ ಜಾಗದಲ್ಲಿ ನೋವು. ಮೂರನೇ ಸಲ ಮಗನಿಗೆ ಸಿಟ್ಟು ಬಂದು, "ಸುಮ್ಮನೆ ಯಾಕಮ್ಮ ಹೆದರಿಸ್ತೀಯ" ಎಂದು ನಮ್ಮ ಮುಂದೆಯೇ ಗದರಿದರು. ಆ ತಾಯಿ ನಾಲ್ಕನೇ ಸಲ ನೋವು ಬಂದರೆ ಬಾಯಿ ಬಿಡುತ್ತಾರೋ ಇಲ್ಲವೋ ಎಂಬುದು ನಮ್ಮ ಚಿಂತೆಯಾಯಿತು. ಹೆದರಿ ಬಂದವರನ್ನು ಇಲ್ಲಿ ಯಾರೂ ಬೈಯುವುದಿಲ್ಲ. ದಯವಿಟ್ಟು ಮನೆಯಲ್ಲೂ ಬೈಯಬೇಡಿ.

ನಮ್ಮೂರಿನ ಚಳಿ ಅಷ್ಟೊಂದು ಚಳಿಯೇ?

ಅಲ್ಲ. ಪಕ್ಕದ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಿಮ ಬೀಳುವ ದೇಶದವರು ಕೇಳಿದರೆ ನಕ್ಕಾರು. ಆದರೆ ಯುರೋಪಿನ ಹಲವು ದೇಶಗಳಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ಕಂಡದ್ದು ಬೇರೆಯೇ. ಉಷ್ಣತೆ ಒಂದೊಂದು ಡಿಗ್ರಿ ಇಳಿದಾಗಲೂ ಸಾವು ಹೆಚ್ಚಾದದ್ದು ಫಿನ್‌ಲೆಂಡಿನಂಥ ಕಡುಚಳಿಯ ನಾಡಿಗಿಂತ ಅಥೆನ್ಸಿನಂಥ ಬೆಚ್ಚನೆಯ ಊರಿನಲ್ಲಿ. ಕಾರಣ ಸರಳ. ಚಳಿಯ ನಾಡಿನವರು ಮನೆಯನ್ನು ಬೆಚ್ಚಗಿಡುತ್ತಾರೆ, ಟೋಪಿ, ಕೈಚೀಲ ಹಾಕಿಕೊಂಡೇ ಹೊರಬೀಳುತ್ತಾರೆ. ಬೆಚ್ಚನೆಯ ಊರಿನವರು ಚಳಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ನಾವು ಈ ಎರಡನೇ ಜಾತಿ. ಹಂಚಿನ ಮನೆ, ಸಿಮೆಂಟ್ ಶೀಟಿನ ಮನೆ, ತಣ್ಣನೆಯ ನೆಲ, ಬರಿಗಾಲು. ನಸುಕಿನಲ್ಲಿ ಹಾಲು ಕರೆಯಲು ಬನಿಯನ್ನಿನಲ್ಲೇ ಕೊಟ್ಟಿಗೆಗೆ ಹೋಗುವ ರೂಢಿ.

ಚಳಿ ತಾಗಿದಾಗ ದೇಹ ಒಳಗಿನ ಬಿಸಿಯನ್ನು ಕಾಪಾಡಿಕೊಳ್ಳಲು ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ನಾಳ ಕಿರಿದಾದರೆ ಒತ್ತಡ ಏರುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಬಿಪಿ ಅದೇ ಮಾತ್ರೆಯಲ್ಲಿ ಚಳಿಗಾಲದಲ್ಲಿ ಏರಿರುವುದು ಅಪರೂಪವಲ್ಲ. ಹೃದಯಕ್ಕೆ ಕೆಲಸ ಹೆಚ್ಚು. ಚಳಿಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣವೂ ಸ್ವಲ್ಪ ಹೆಚ್ಚು. ಆದ್ದರಿಂದ ನವೆಂಬರ್ ಕೊನೆಯೊಳಗೆ ಒಮ್ಮೆ ಬಿಪಿ ತೋರಿಸಿಕೊಳ್ಳಿ. ಮಾತ್ರೆ ಬದಲಾಯಿಸಬೇಕೋ ಬೇಡವೋ ಎಂಬುದನ್ನು ವೈದ್ಯರು ನೋಡುತ್ತಾರೆ.

ಎದೆಯ ಗಾಯ ಸೆಳೆಯುವುದು

ಆಪರೇಷನ್ ಮಾಡುವಾಗ ಎದೆಯ ನಡುವಿನ ಮೂಳೆಯನ್ನು ಸೀಳಿ, ಮುಗಿದ ಮೇಲೆ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಮೂಳೆ ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ತಂತಿ ಒಳಗೇ ಉಳಿಯುತ್ತದೆ. "ಚಳಿಗೆ ಒಳಗಿನ ತಂತಿ ತಣ್ಣಗಾಗಿ ನೋಯುತ್ತದೆಯೇ ಡಾಕ್ಟ್ರೇ?" ಎಂದು ಬಹಳ ಜನ ಕೇಳುತ್ತಾರೆ. ಇಲ್ಲ. ದೇಹದ ಒಳಗೆ ಚಳಿಗಾಲವಿಲ್ಲ, ಅಲ್ಲಿ ಸದಾ 37 ಡಿಗ್ರಿ. ನೋಯುವುದು ಗಾಯದ ಸುತ್ತಲಿನ ಸ್ನಾಯು, ಪಕ್ಕೆಲುಬಿನ ಕೀಲು, ಕತ್ತರಿಸಿ ಮತ್ತೆ ಚಿಗುರಿದ ಸಣ್ಣ ನರ. ಚಳಿಗೆ ಮೈ ಮುದುಡಿಕೊಂಡು ಮಲಗಿದಾಗ ಇವು ಬಿಗಿಯುತ್ತವೆ. ಎದೆಯ ಎಡಭಾಗದ ನಾಳವನ್ನು ಬಳಸಿ ಬೈಪಾಸ್ ಮಾಡಿದ್ದರೆ ಆ ಕಡೆ ಜೋಮು ಹಿಡಿದಂತೆ, ಉರಿದಂತೆ ಆಗುವುದು ವರ್ಷಗಟ್ಟಲೆ ಇರಬಹುದು. ಕಾಲಿನಿಂದ ನಾಳ ತೆಗೆದಿದ್ದರೆ ಆ ಕಾಲಿನಲ್ಲೂ ಹಾಗೆಯೇ.

ಬೆರಳಿಟ್ಟು ತೋರಿಸಬಹುದಾದ, ಒತ್ತಿದರೆ ಹೆಚ್ಚಾಗುವ, ಮಗ್ಗುಲು ಬದಲಿಸಿದರೆ ಅಥವಾ ಕೈ ಎತ್ತಿದರೆ ಬರುವ ನೋವು ಸಾಮಾನ್ಯವಾಗಿ ಮೂಳೆ, ಸ್ನಾಯುವಿನದು. ಅಂಗೈ ಅಗಲಕ್ಕೆ ಭಾರ ಹೇರಿದಂತೆ, ಹಿಂಡಿದಂತೆ ಆಗಿ, ನಡೆದರೆ ಬಂದು ನಿಂತರೆ ಹೋಗುವ, ದವಡೆಗೋ ಭುಜಕ್ಕೋ ಬೆನ್ನಿಗೋ ಹರಿಯುವ, ಬೆವರು ಬರಿಸುವ ನೋವು ಹೃದಯದ್ದು. ಆಪರೇಷನ್‌ಗೆ ಮುಂಚೆ ನಿಮಗೆ ಎಂಥ ನೋವು ಬಂದಿತ್ತು ಎಂಬುದನ್ನು ನೆನಪು ಮಾಡಿಕೊಳ್ಳಿ. ಅದೇ ಬಗೆಯ ನೋವು ಮರಳಿದರೆ ತಡಮಾಡಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ವಾಂತಿಯಾಗಿ ಹೃದಯಾಘಾತ ಆಗಬಹುದು. ಹಾಗಾಗಿ ಈ ಲಕ್ಷಣಗಳು ನಿಮ್ಮ ಭಯವನ್ನು ಸ್ವಲ್ಪ ಇಳಿಸಲಿ ಎಂದು ಹೇಳಿದ್ದೇ ಹೊರತು, ಹೊಸದಾಗಿ ಬಂದ ನೋವಿಗೆ ಮನೆಯಲ್ಲೇ ತೀರ್ಮಾನ ಮಾಡಲಿ ಎಂದಲ್ಲ.

ಬೈಪಾಸ್ ಒಮ್ಮೆ ಮಾಡಿದರೆ ಮುಗಿಯಿತು ಎಂಬ ಭಾವನೆಯೂ ನಮ್ಮಲ್ಲಿದೆ. ಎದೆಯ ನಾಳದಿಂದ ಮಾಡಿದ ಜೋಡಣೆ ಹತ್ತು ವರ್ಷದ ನಂತರವೂ ಹೆಚ್ಚಿನವರಲ್ಲಿ ಚೆನ್ನಾಗಿಯೇ ಇರುತ್ತದೆ. ಕಾಲಿನಿಂದ ತೆಗೆದ ನಾಳಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹತ್ತು ವರ್ಷದ ಹೊತ್ತಿಗೆ ಕಿರಿದಾಗಿಯೋ ಮುಚ್ಚಿಯೋ ಹೋಗಿರುತ್ತವೆ. ಬೀಡಿ ಬಿಡದವರಲ್ಲಿ, ಕೊಬ್ಬಿನ ಮಾತ್ರೆ ನಿಲ್ಲಿಸಿದವರಲ್ಲಿ ಇನ್ನೂ ಬೇಗ. ಹತ್ತು ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ನೀರು ಹೋಗುವ ಮಾತ್ರೆ

ಆ ರೇಷ್ಮೆ ಬೆಳೆಗಾರರ ಕಥೆಯಲ್ಲಿ ಒಂದು ಮಾತು ಬಿಟ್ಟಿದ್ದೆವು. ವಾರ್ಡಿನಲ್ಲಿ ಮೂರನೇ ದಿನ, ಉಸಿರು ಹದಕ್ಕೆ ಬಂದ ಮೇಲೆ ಅವರೇ ಹೇಳಿದರು. ಅವರಿಗೆ ಮೊದಲೇ ನೀರು ಹೋಗುವ ಮಾತ್ರೆ ಬರೆದುಕೊಟ್ಟಿದ್ದರು. ರಾತ್ರಿ ನಾಲ್ಕೈದು ಸಲ ಚಳಿಯಲ್ಲಿ ಎದ್ದು ಹಿತ್ತಿಲಿಗೆ ಹೋಗಬೇಕಲ್ಲ ಎಂದು ಡಿಸೆಂಬರಿನಲ್ಲೇ ಅದನ್ನು ಬಿಟ್ಟಿದ್ದರು. ಮನೆಯವರಿಗೂ ಹೇಳಿರಲಿಲ್ಲ.

ಇದು ಅವರೊಬ್ಬರ ತಪ್ಪಲ್ಲ. ಚಳಿಗಾಲದಲ್ಲಿ ಬೆವರು ಕಡಿಮೆ, ಮೂತ್ರ ಹೆಚ್ಚು. ಮುದುಕರಿಗೆ ಕತ್ತಲಲ್ಲಿ ಎದ್ದು ಹೋಗುವುದೇ ಕಷ್ಟ. ಮಾತ್ರೆ ಬಿಡುವುದರ ಬದಲು ಅದರ ಹೊತ್ತನ್ನು ಬದಲಿಸಬಹುದು. ಸಾಮಾನ್ಯವಾಗಿ ಇದನ್ನು ಬೆಳಿಗ್ಗೆ ತೆಗೆದುಕೊಂಡರೆ ಮಧ್ಯಾಹ್ನದೊಳಗೆ ಅದರ ಕೆಲಸ ಮುಗಿದಿರುತ್ತದೆ. ಎರಡು ಹೊತ್ತು ಬರೆದಿದ್ದರೆ ಎರಡನೆಯದನ್ನು ಮಧ್ಯಾಹ್ನ ಎರಡು ಮೂರು ಗಂಟೆಗೆ ತೆಗೆದುಕೊಳ್ಳಬಹುದೇ ಎಂದು ನಮ್ಮನ್ನು ಕೇಳಿ. ಅಜ್ಜನ ಮಂಚದ ಹತ್ತಿರ ಒಂದು ಪಾತ್ರೆ ಇಡುವುದು ನಾಚಿಕೆಯ ವಿಷಯವಲ್ಲ.

ಇಂಥವರ ಮನೆಯಲ್ಲಿ ತೂಕದ ಯಂತ್ರ ಇದ್ದರೆ ಒಳ್ಳೆಯದು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದ ಕೊಬ್ಬಲ್ಲ, ದೇಹದಲ್ಲಿ ನಿಂತ ನೀರು. ತೂಕದ ಯಂತ್ರವಿಲ್ಲದಿದ್ದರೆ ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳನ್ನು ಹತ್ತು ಎಣಿಸುವವರೆಗೆ ಒತ್ತಿ. ತೆಗೆದ ಮೇಲೂ ಗುಳಿ ಉಳಿದರೆ ನೀರು ನಿಂತಿದೆ. ಮಲಗಿದರೆ ಹೆಚ್ಚಾಗಿ ಕುಳಿತರೆ ಇಳಿಯುವ ಕೆಮ್ಮು, ಒಂದು ದಿಂಬಿನವರಿಗೆ ಈಗ ಮೂರು ದಿಂಬು ಬೇಕಾಗುವುದು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕಿಟಕಿಗೆ ಹೋಗಿ ನಿಲ್ಲುವುದು: ಇವು ಮೂಗು ಸೋರುವ ಶೀತದ ಗುರುತುಗಳಲ್ಲ. ಅದೇ ದಿನ ಬರಬೇಕು. ಬೆಳೆ ಮನೆಯಲ್ಲಿದ್ದರೂ ಬರಬೇಕು.

ಉಪ್ಪಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮಾಗಡಿಯ ಸೊಗಡವರೆ ಬರುವ ಕಾಲದಲ್ಲಿ ಹಿತಕಿದ ಬೇಳೆ ಸಾರು ಬೇಡ ಎಂದರೆ ನಮ್ಮ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅವರೆಕಾಳು ಹೃದಯಕ್ಕೆ ಕೆಟ್ಟದ್ದಲ್ಲ. ತೊಂದರೆ ಇರುವುದು ಅದರ ಜೊತೆಗೆ ಬರುವ ಉಪ್ಪು, ಧಾರಾಳ ತೆಂಗಿನಕಾಯಿ, ಸಂಜೆಯ ಕಾಫಿಗೆ ಕರಿದ ಅವರೆಬೇಳೆ, ಊಟಕ್ಕೆ ಹಪ್ಪಳ ಉಪ್ಪಿನಕಾಯಿಯಲ್ಲಿ. ಮನೆಮಂದಿಗೆಲ್ಲ ಒಂದೇ ಸಾರು ಮಾಡಿ, ಉಪ್ಪು ಹಾಕುವ ಮೊದಲೇ ಇವರದನ್ನು ಬೇರೆ ತೆಗೆದಿಟ್ಟು ಚಿಟಿಕೆ ಉಪ್ಪು ಹಾಕಿಕೊಡಿ.

ಕೆಮ್ಮು, ನೆಗಡಿಗೆ ಏನು ಕೊಡಬೇಕು?

ನಿಜವಾದ ನೆಗಡಿಯೇ ಆದರೆ ಅದು ತಾನಾಗಿ ಒಂದು ವಾರದಲ್ಲಿ ಹೋಗುತ್ತದೆ. ಬಿಸಿನೀರಿನ ಹಬೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ವಿಶ್ರಾಂತಿ ಸಾಕು. ಮೈಕೈ ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು. ತೊಂದರೆ ಆಗುವುದು ಮೆಡಿಕಲ್ ಅಂಗಡಿಯಲ್ಲಿ "ನೆಗಡಿಗೆ ಒಂದು ಮಾತ್ರೆ ಕೊಡಿ" ಎಂದು ಕೇಳಿ ತಂದಾಗ. ಮೂಗು ಕಟ್ಟಿದ್ದನ್ನು ಬಿಡಿಸುವ ಬಹಳಷ್ಟು ಮಾತ್ರೆಗಳಲ್ಲಿ ಫಿನೈಲ್‌ಎಫ್ರಿನ್ ಎಂಬ ಔಷಧಿ ಸೇರಿರುತ್ತದೆ. ಅದು ಮೂಗಿನ ರಕ್ತನಾಳವನ್ನು ಬಿಗಿ ಮಾಡುವ ಹಾಗೆಯೇ ಮೈಯ ನಾಳಗಳನ್ನೂ ಬಿಗಿ ಮಾಡಿ ಬಿಪಿ ಏರಿಸಬಲ್ಲದು. ಡೈಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್‌ನಂಥ ನೋವಿನ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲಿಸುತ್ತವೆ, ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ, ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಅಂಗಡಿಯಲ್ಲಿ ಮೊದಲು ಹೇಳಬೇಕಾದ ಮಾತು, "ನನಗೆ ಹಾರ್ಟ್ ಆಪರೇಷನ್ ಆಗಿದೆ" ಎಂಬುದು.

ಕಷಾಯದ ವಿಷಯ. ಶುಂಠಿ, ಮೆಣಸು, ತುಳಸಿ, ದೊಡ್ಡಪತ್ರೆ ಹಾಕಿ ಅಜ್ಜಿ ಮಾಡಿಕೊಡುವ ಒಂದು ಲೋಟ ಕಷಾಯಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಜ್ಯೇಷ್ಠಮಧು ಅಥವಾ ಅತಿಮಧುರವನ್ನು ದಿನವೂ ಹಾಕಿ ಕುಡಿದರೆ ಬಿಪಿ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ನೀರು ಹೋಗುವ ಮಾತ್ರೆ ತಿನ್ನುವವರಿಗೆ ಇದು ಅಪಾಯ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎಂದು ತಿಳಿಯಬೇಡಿ.

ಫ್ಲೂ ಜ್ವರ ಮಾತ್ರ ಬರೀ ನೆಗಡಿಯಲ್ಲ. ಕೆನಡಾದ ಒಂಟಾರಿಯೋದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಫ್ಲೂ ಖಚಿತವಾದ ಮೊದಲ ಒಂದು ವಾರದಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚುತ್ತದೆ. ಹೃದಯದ ಆಪರೇಷನ್ ಆದವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು ಎನ್ನುವುದು ಇದಕ್ಕೆ. ನ್ಯುಮೋನಿಯಾ ತಡೆಯುವ ಲಸಿಕೆಯೂ ಇದೆ. ಇವಕ್ಕೆ ಹಣ ತೆರಬೇಕಾಗಬಹುದು, ನಿಜ. ಆದರೆ ಐಸಿಯುವಿನ ಒಂದು ದಿನದ ಖರ್ಚಿನೊಂದಿಗೆ ಹೋಲಿಸಿ ನೋಡಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರೂ ಹಾಕಿಸಿಕೊಳ್ಳಬಹುದು. ಸೂಜಿ ಹಾಕಿದ ಜಾಗವನ್ನು ಉಜ್ಜದೆ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ಸಾಕು.

ವಾಲ್ವ್ ಹಾಕಿಸಿಕೊಂಡವರಿಗೆ ವಿಶೇಷ ಸೂಚನೆ

ಲೋಹದ ವಾಲ್ವ್ ಇರುವವರು ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆಯನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕು. ಪಿಟಿ, ಐಎನ್‌ಆರ್ ಪರೀಕ್ಷೆಗೆ ಚಳಿಯಲ್ಲಿ ಬೆಳಿಗ್ಗೆ ಬಸ್ಸು ಹಿಡಿದು ಬರುವುದು ಬೇಸರವೆಂದು ಎರಡು ತಿಂಗಳು ತಪ್ಪಿಸುವವರಿದ್ದಾರೆ. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ತಿಂಡಿ ತಿಂದು, ಬಿಸಿಲೇರಿದ ಮೇಲೆ ಬನ್ನಿ. ಚಳಿಗಾಲದಲ್ಲಿ ಈ ಅಂಕಿ ಏರುಪೇರಾಗಲು ಎರಡು ಕಾರಣ ನಮ್ಮಲ್ಲಿ ಸಾಮಾನ್ಯ. ಒಂದು, ಕೆಮ್ಮಿಗೆಂದು ತೆಗೆದುಕೊಂಡ ಆಂಟಿಬಯೋಟಿಕ್. ಕೆಲವು ಆಂಟಿಬಯೋಟಿಕ್‌ಗಳು ರಕ್ತವನ್ನು ಅತಿಯಾಗಿ ತೆಳು ಮಾಡಿಬಿಡುತ್ತವೆ. ಇನ್ನೊಂದು ಸೊಪ್ಪು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಕೆಲಸವನ್ನು ಕುಗ್ಗಿಸುತ್ತದೆ. ಹಾಗೆಂದು ಮುದ್ದೆಗೆ ಬಸ್ಸಾರು, ಮಸ್ಸೊಪ್ಪು ಬಿಡಬೇಕಾಗಿಲ್ಲ. ವಾರಕ್ಕೆ ಮೂರು ದಿನ ತಿನ್ನುವವರು ಮೂರು ದಿನವೇ ತಿನ್ನಿ. ಒಂದು ವಾರ ದಿನವೂ ಸೊಪ್ಪು, ಮುಂದಿನ ವಾರ ಪೂರ್ತಿ ಇಲ್ಲ ಎಂಬಂತೆ ಮಾಡಬೇಡಿ. ಒಂದು ದಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಡಿ.

ವಾಲ್ವ್ ಇರುವವರಿಗೆ ಮೂರು ದಿನ ಮೀರಿ ಜ್ವರ ಬಂದರೆ, ಅದೂ ಚಳಿ ನಡುಕದ ಜ್ವರವಾದರೆ, ವಾಲ್ವ್‌ಗೇ ಸೋಂಕು ತಗುಲಿದೆಯೇ ಎಂದು ನೋಡಬೇಕಾಗುತ್ತದೆ. ರಕ್ತ ತೆಗೆದು ಪರೀಕ್ಷೆಗೆ ಕಳಿಸುವ ಮೊದಲೇ ಊರಿನಲ್ಲಿ ಆಂಟಿಬಯೋಟಿಕ್ ಸೂಜಿ ಹಾಕಿಸಿಕೊಂಡು ಬಂದರೆ ಸೋಂಕು ಯಾವುದೆಂದು ಕಂಡುಹಿಡಿಯುವುದು ಕಷ್ಟವಾಗುತ್ತದೆ. ಲೋಹದ ವಾಲ್ವ್‌ನ ಟಿಕ್ ಟಿಕ್ ಸದ್ದು ನಿಮಗೂ ಮನೆಯವರಿಗೂ ಅಭ್ಯಾಸವಾಗಿರುತ್ತದೆ. ಆ ಸದ್ದು ಮಂಕಾದರೆ, ನಿಂತರೆ ಅದೇ ಗಳಿಗೆ ಹೊರಡಿ.

ಪ್ರಾಣಿಯ ಅಂಗಾಂಶದಿಂದ ಮಾಡಿದ ವಾಲ್ವ್ ಆದರೆ ಈ ಮಾತ್ರೆಯ ಕಾಟ ಕಡಿಮೆ, ಆದರೆ ಅದು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷದಲ್ಲಿ ಸವೆಯುತ್ತದೆ. ಮತ್ತೊಮ್ಮೆ ಚಿಕಿತ್ಸೆ ಎಂದರೆ ಜನ ಕುಸಿದುಹೋಗುತ್ತಾರೆ. ರಾಮನಗರ, ಚನ್ನಪಟ್ಟಣ ಎರಡೂ ಕಡೆಯಿಂದ ಶಾಸಕರಾಗಿದ್ದ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರಿಗೆ 2017ರಲ್ಲಿ ವಾಲ್ವ್ ಶಸ್ತ್ರಚಿಕಿತ್ಸೆಯೂ 2024ರ ಮಾರ್ಚ್‌ನಲ್ಲಿ ಚೆನ್ನೈನಲ್ಲಿ ಮತ್ತೊಮ್ಮೆ ಹೃದಯದ ಚಿಕಿತ್ಸೆಯೂ ಆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಮರುತಿಂಗಳು ಅವರು ಲೋಕಸಭಾ ಚುನಾವಣೆಯ ಕಣದಲ್ಲಿದ್ದರು. ರಾಜಕೀಯ ನಮಗೆ ಬೇಡ. ಎರಡನೇ ಸಲದ ಚಿಕಿತ್ಸೆ ಎಂದರೆ ಬದುಕು ಮುಗಿದಂತೆ ಎಂದು ನಂಬಿರುವವರಿಗೆ ಹೇಳಲು ಈ ಉದಾಹರಣೆ ಅನುಕೂಲವಾಗಿದೆ. ಈಗ ಕೆಲವರಿಗೆ ಎದೆ ಸೀಳದೆ ತೊಡೆಯ ರಕ್ತನಾಳದ ಮೂಲಕವೇ ವಾಲ್ವ್ ಕೂರಿಸಲೂ ಬರುತ್ತದೆ.

ಹುಳುವಿನ ಮನೆಯ ಇದ್ದಿಲು

ಈ ಸೀಮೆಗೇ ವಿಶೇಷವಾದ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ ಬೇಕು. ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ, ಗೋಣಿ ಕಟ್ಟಿ, ಒಳಗೆ ಇದ್ದಿಲ ಒಲೆ ಇಡುವುದು ರೂಢಿ. ಕೆಂಡದಿಂದ ಹೊಗೆ ಕಾಣದಿದ್ದರೂ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕುಳಿತುಬಿಡುತ್ತದೆ. ಗಟ್ಟಿಮುಟ್ಟಾದವರಿಗೆ ತಲೆನೋವು ಬರುವಷ್ಟರಲ್ಲಿ ಹೃದಯದ ರೋಗಿಗೆ ಎದೆನೋವೇ ಬರಬಹುದು. ಹೊರಗಿನ ತಣ್ಣನೆ ಗಾಳಿಗಿಂತ ಈ ಬೆಚ್ಚನೆಯ ಕೋಣೆ ಇಂಥವರಿಗೆ ಹೆಚ್ಚು ಅಪಾಯಕಾರಿ. ಒಲೆ ಹೊತ್ತಿರುವಾಗ ಸೊಪ್ಪು ಹಾಕುವ ಕೆಲಸ ಮನೆಯ ಬೇರೆಯವರು ಮಾಡಲಿ. ಆಪರೇಷನ್ ಆದವರು ಆ ಕೋಣೆಯಲ್ಲಿ ಮಲಗಲೇಬಾರದು. ಬೆಳೆ ಮುಗಿದ ಮೇಲೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಹೊಡೆಯುವ ದಿನವೂ ದೂರವಿರಿ. ಮಲಗುವ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟುಕೊಳ್ಳುವ ಅಜ್ಜ ಅಜ್ಜಿಯರಿಗೂ ಇದೇ ಮಾತು. ಒಂದು ಟೋಪಿ, ಎರಡು ಪದರ ಬಟ್ಟೆ, ಕಾಲುಚೀಲ, ಮಲಗುವ ಮುಂಚೆ ಒಂದು ಬಿಸಿನೀರಿನ ಚೀಲ ಇದಕ್ಕಿಂತ ಎಷ್ಟೋ ಮೇಲು.

ಸ್ನಾನ, ನಡಿಗೆ, ಬೆಟ್ಟ

ಧನುರ್ಮಾಸದ ಪೂಜೆ, ಶಬರಿಮಲೆಯ ಮಾಲೆ ಎಂದು ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಬಹುದೇ ಎಂದು ಕೇಳುತ್ತಾರೆ. ಮಾಡಬಾರದು. ದಿಢೀರನೆ ತಣ್ಣೀರು ಬಿದ್ದಾಗ ಬಿಪಿ ಒಮ್ಮೆಲೇ ಜಿಗಿಯುತ್ತದೆ. ಹಂಡೆಯ ಕುದಿನೀರೂ ಬೇಡ, ಅದರಿಂದ ಬಿಪಿ ಇಳಿದು ಬಚ್ಚಲಲ್ಲೇ ತಲೆಸುತ್ತಿ ಬಿದ್ದವರಿದ್ದಾರೆ. ಉಗುರುಬೆಚ್ಚನೆಯ ನೀರಿನಲ್ಲಿ ಬಿಸಿಲು ಬಂದ ಮೇಲೆ ಸ್ನಾನ ಮಾಡಿ. ಪೂಜೆಯ ಹೊತ್ತು ಒಂದು ಗಂಟೆ ಹಿಂದುಮುಂದಾದರೆ ದೇವರು ಮುನಿಯುವುದಿಲ್ಲ.

ನಡಿಗೆ ಬಿಡಬೇಡಿ. ಮಂಜು ಕರಗಿದ ಮೇಲೆ, ಕಿವಿಗೆ ಬಾಯಿಗೆ ಮಫ್ಲರ್ ಸುತ್ತಿಕೊಂಡು, ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು. ರೇವಣಸಿದ್ಧೇಶ್ವರ ಬೆಟ್ಟ ಹತ್ತಬಹುದೇ, ರಾಮದೇವರ ಬೆಟ್ಟಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ, ಏದುಸಿರಿಲ್ಲದೆ ಹತ್ತಬಲ್ಲವರು ಮೊದಲು ನಮಗೆ ಒಮ್ಮೆ ತೋರಿಸಿಕೊಂಡು ಹೋಗಿ. ಅದೂ ಆಗದವರು ಬೆಟ್ಟದ ಬುಡದಲ್ಲೇ ಕೈ ಮುಗಿಯಿರಿ.

ರಾತ್ರಿಯ ಭಯ

ಮಾಗಡಿಯ ಆ ತಾಯಿಗೆ ನಾಲ್ಕನೇ ಭೇಟಿಯನ್ನು ಹಗಲು ಹೊತ್ತಿನಲ್ಲಿ, ನೋವಿಲ್ಲದ ದಿನ ಇಟ್ಟುಕೊಂಡೆವು. ಎಕೋ ಮಾಡಿಸಿ, ಪರದೆಯ ಮೇಲೆ ಹೃದಯ ಬಡಿಯುವುದನ್ನು ತೋರಿಸಿ ವಿವರಿಸಿದೆವು. ಆಗ ಅವರು ಹೇಳಿದ್ದು, ತಮ್ಮ ಯಜಮಾನರು ತೀರಿಕೊಂಡದ್ದು ಪುಷ್ಯ ಮಾಸದಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ ಎಂದು. ಪ್ರತಿ ವರ್ಷ ಆ ತಿಂಗಳು ಬಂತೆಂದರೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆಪರೇಷನ್ ಆದವರಲ್ಲಿ ಇಂಥ ಭಯ, ಮಂಕುತನ ಬರುವುದು ಸಾಮಾನ್ಯ. ಅದಕ್ಕೂ ಚಿಕಿತ್ಸೆ ಇದೆ. ಹಾಗೆಯೇ ಮನೆಯವರು ನೆಂಟರಿಷ್ಟರ ಮುಂದೆಲ್ಲ "ಇವರು ಹಾರ್ಟ್ ಪೇಷಂಟು, ಏನೂ ಮಾಡಬಾರದು" ಎನ್ನುತ್ತಾ ಕೂರಿಸಿಬಿಡುವುದೂ ಒಳ್ಳೆಯದಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಲಿ, ಬಿಸಿಲಿನಲ್ಲಿ ಕುಳಿತು ಅವರೆಕಾಯಿ ಸುಲಿಯಲಿ, ಸಂತೆಗೆ ಹೋಗಿ ಬರಲಿ.

ತುರ್ತಾಗಿ ಹೊರಡಬೇಕಾದರೆ

ಎದೆ ಹಿಂಡುವ ನೋವು ಕುಳಿತು ವಿಶ್ರಾಂತಿ ಪಡೆದರೂ ಹತ್ತು ನಿಮಿಷದಲ್ಲಿ ಇಳಿಯದಿದ್ದರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ, ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಗ್ಯಾಸ್ ಎಂದುಕೊಂಡು ಸೋಡಾ ಕುಡಿಸುತ್ತಾ ಬೆಳಗಾಗಲಿ ಎಂದು ಕಾಯಬೇಡಿ. ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಕುಳಿತುಕೊಂಡೇ ಇಟ್ಟುಕೊಳ್ಳಿ, ನಿಂತುಕೊಂಡು ಬೇಡ. ರೋಗಿಯನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬೆಂಗಳೂರಿಗೆ ಹೊರಡುವವರಿದ್ದಾರೆ. ಹಾಗೆ ಮಾಡಬೇಡಿ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. 2021ರ ಅಕ್ಟೋಬರ್ 29ರಂದು ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಆದರೆ ಆ ಚುಚ್ಚುಮದ್ದು ಎಲ್ಲರಿಗೂ ಕೊಡುವಂಥದ್ದಲ್ಲ. ಅಸಿಟ್ರಾಮ್ ತಿನ್ನುವವರಿಗೆ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚು. ಪ್ರಜ್ಞೆಯಿಲ್ಲದ ರೋಗಿಯ ಬಗ್ಗೆ ರಾತ್ರಿ ಪಾಳಿಯ ವೈದ್ಯರಿಗೆ ಇದು ಹೇಗೆ ಗೊತ್ತಾಗಬೇಕು? ಹತ್ತು ಹದಿನೈದು ವರ್ಷದ ಹಿಂದಿನ ಡಿಸ್ಚಾರ್ಜ್ ಚೀಟಿ ಎಷ್ಟೋ ಮನೆಗಳಲ್ಲಿ ಗೆದ್ದಲು ಹಿಡಿದಿದೆ. ಈ ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಅದರಲ್ಲಿ ಯಾವ ಆಪರೇಷನ್, ಯಾವ ವರ್ಷ, ಯಾವ ಆಸ್ಪತ್ರೆ, ವಾಲ್ವ್ ಆದರೆ ಯಾವ ಬಗೆಯದು, ಈಗ ತಿನ್ನುತ್ತಿರುವ ಮಾತ್ರೆಗಳು, ಕೊನೆಯ ಐಎನ್‌ಆರ್ ಎಷ್ಟು ಎಂದು ಓದುಬರಹ ಬಲ್ಲ ಮಗನೋ ಮಗಳೋ ಬರೆದು, ರೇಷನ್ ಕಾರ್ಡಿನ ಜೊತೆ ಇಡಲಿ. ಅದರ ಒಂದು ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ಬರೆಯಲು ಗೊತ್ತಾಗದಿದ್ದರೆ ಮುಂದಿನ ಸಲ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ತಿನ್ನುವುದನ್ನು ಬಿಟ್ಟವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ನಮ್ಮ ಸಿಸ್ಟರ್ ಕುಳಿತು ಬರೆದುಕೊಡುತ್ತಾರೆ.